ಮೈಕಿನಲ್ಲಿ ಆಡಿದ ಮಾತು

"ನೀವು ಯಾವತ್ತಾದ್ರೂ ಮೀನ ಕೈಯಾಗ ಹಿಡದೀರೇನ್ರಿ?"

ಬಾಗಿಲ ಕಡೆಯಿಂದ ಬಂದ ಆ ಪ್ರಶ್ನೆಗೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಖಾಕಿ ಸಮವಸ್ತ್ರದಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಬಿಸಿಲಿಗೆ ಕೆಂಪಾದ ಮುಖ. ಎದೆಗೆ ಒತ್ತಿ ಹಿಡಿದ ಪುಸ್ತಕ.

ಸೇಡಂ ಬಸ್ ನಿಲ್ದಾಣದ ಹಿಂದೆ, ಪುಸ್ತಕದಂಗಡಿಯ ಮೇಲಿನ ಆ ಕೋಣೆಯಲ್ಲಿ ಪ್ರತಿ ಭಾನುವಾರ ಓದುಗರ ಬಳಗ ಸೇರುತ್ತಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿ ಮಹಾದೇವಮ್ಮ ಕಟ್ಟಿದ ಬಳಗ. ಆ ತಿಂಗಳು ಎಲ್ಲರೂ ಓದಿದ್ದು ಶಹಾಬಾದಿನ ಲೇಖಕರೊಬ್ಬರ ಕಾದಂಬರಿ. ಅದರಲ್ಲಿ ಕಲ್ಲಪ್ಪ ಮಾಸ್ತರ ಎಂಬ ಮಡಿವಂತ ವಿಧುರನಿಗೂ, ಅವನ ಓಣಿಯಲ್ಲಿ ಮೀನು ಮಾರುವ ದುರ್ಗವ್ವನಿಗೂ ಸ್ನೇಹ ಬೆಳೆಯುತ್ತದೆ. ಕೊನೆಗೆ ಮಾಸ್ತರ ತನ್ನ ಮನೆಗೆ ಬೀಗ ಹಾಕಿ, ಹೊಳೆ ದಂಡೆಯ ಅವಳ ಗುಡಿಸಲಿಗೆ ಹೊರಟುಬಿಡುತ್ತಾನೆ.

"ಅದು ಪ್ರೀತಿ ಅಲ್ಲ, ಆಸರಿ," ಎಂದು ಆಗಷ್ಟೇ ವಾದಿಸಿದ್ದ ಸಿದ್ದಲಿಂಗೇಶ. ಊರಿನ ದಾಲ್ ಮಿಲ್ ಮಾಲೀಕ ಸೂಗಪ್ಪನವರ ಒಬ್ಬನೇ ಮಗ. "ಮುದುಕಗ ಮಾತಿಗೊಬ್ಬರು ಬೇಕಿತ್ತು, ಆಕಿಗೊಂದು ಗಟ್ಟಿ ನೆರಳು ಬೇಕಿತ್ತು. ಅಷ್ಟೇ."

ಅದಕ್ಕೇ ಈ ಪ್ರಶ್ನೆ!

"ಇಲ್ರಿ... ಮೀನ ಮುಟ್ಟಿಲ್ಲ," ಎಂದ ಸಿದ್ದಲಿಂಗೇಶ, ತಬ್ಬಿಬ್ಬಾಗಿ.

"ಮೀನ ಜಾರತದ್ರಿ. ಗಟ್ಟಿ ಹಿಡದ್ರ ಸಾಯ್ತದ, ಸಡ್ಲ ಬಿಟ್ರ ಹೋಗ್ತದ. ದಿನಾ ಅದನ್ನ ಹಿಡಿಯಾಕಿಗಿ, ಯಾರನ್ನ ಎಷ್ಟು ಹಿಡೀಬೇಕು ಅಂತ ಗೊತ್ತಿರಂಗಿಲ್ಲೇನು? ಗಟ್ಟಿ ನೆರಳು ಬೇಕಂದ್ರ ಮಾಸ್ತರನ್ನ ಆತನ ಮನ್ಯಾಗೇ ಇರಸ್ಕೊಂಡು ತಾನೇ ಅಲ್ಲಿಗಿ ಹೋಗತಿದ್ಳು. ಆಕಿ ಹೋಗ್ಲಿಲ್ಲ. ಆತನೇ ಬಂದ. ನೀವು ಕಡೀ ಅಧ್ಯಾಯ ಓದೀರೋ ಇಲ್ಲೋ?"

ಕೋಣೆಯೆಲ್ಲ ನಕ್ಕಿತು. ಸಿದ್ದಲಿಂಗೇಶನೂ ನಕ್ಕ. ಎದ್ದು ತನ್ನ ಕುರ್ಚಿಯನ್ನೇ ಅವಳತ್ತ ಸರಿಸಿದ.

"ಬರ್ರಿ, ಕುಂದ್ರಿ. ನಾ ಇನ್ನೊಮ್ಮಿ ಓದ್ತೀನಿ."

ವಾದದಲ್ಲಿ ಸೋತು ಇಷ್ಟು ಚೆಂದ ನಗುವ ಗಂಡಸನ್ನು ಸುಶ್ಮಿತಾ ಅದಕ್ಕೂ ಮೊದಲು ನೋಡಿರಲಿಲ್ಲ!

ಅವಳು ಸೇಡಂ–ಚಿಂಚೋಳಿ ಬಸ್ಸಿನ ಕಂಡಕ್ಟರ್. ಊರು ಮಳಖೇಡ. ಅಪ್ಪ ಸಾಬಣ್ಣ ಒಂದು ಕಾಲಕ್ಕೆ ಕಾಗಿಣಾದಲ್ಲಿ ಬಲೆ ಬೀಸುತ್ತಿದ್ದವನು, ಈಗ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಅವ್ವ ಚಂದಮ್ಮ ಇಂದಿಗೂ ಸಂತೆಯಲ್ಲಿ ಮೀನು ಮಾರುತ್ತಾಳೆ. ದುರ್ಗವ್ವನ ಕಥೆ ಓದುವಾಗ ಸುಶ್ಮಿತಾಗೆ ತನ್ನ ಮನೆಯ ಅಂಗಳದಲ್ಲೇ ಕೂತಂತೆ ಅನಿಸಿತ್ತು.

ಅಲ್ಲಿಂದ ಭಾನುವಾರಗಳು ಬಂದವು, ಹೋದವು. ಬಳಗ ಬೇರೆ ಪುಸ್ತಕಗಳಿಗೆ ಹೊರಳಿತು. ಇವರಿಬ್ಬರು ಮಾತ್ರ ಆ ಕಾದಂಬರಿ ಬಿಡಲಿಲ್ಲ. ಮೊದಲು ಕೋಣೆಯಲ್ಲಿ, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ಫೋನಿನಲ್ಲಿ.

"ಮಾಸ್ತರಗ ಆಕಿ ಮ್ಯಾಲ ಮನಸ್ಸಾದದ್ದು ಯಾವಾಗ ಅಂತೀರಿ?" ಅವನು ಕೇಳುತ್ತಿದ್ದ.

"ಆಕಿ ಜಗಳ ಮಾಡಿದಾಗ."

"ನನಗೂ ಹಂಗೇ ಅನಸ್ತದ..."

ಆ 'ನನಗೂ' ಎಂಬ ಮಾತಿನಲ್ಲಿ ಏನೋ ಇತ್ತು. ಸುಶ್ಮಿತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು.

ವಾಡಿಯಿಂದ ರೈಲಿಗೆ ಬರುತ್ತಿದ್ದ ಬಳಗದ ಗೆಳತಿ ನಾಹಿದ ಒಂದು ದಿನ ಕಿವಿ ಹಿಂಡಿದಳು. "ಏ, ದುರ್ಗವ್ವನ ಮಾತು ಸಾಕು ಮಾಡ್ರಿ. ನಿಮ್ಮಿಬ್ಬರ ಮಾತು ಯಾವಾಗ ಸುರು?"

ಅದು ಶುರುವಾದದ್ದು ಮಳಖೇಡದ ಹಳೆ ಕೋಟೆಯ ಗೋಡೆಯ ಮೇಲೆ. ಕೆಳಗೆ ಕಾಗಿಣಾ ಹರಿಯುತ್ತಿತ್ತು.

"ದುರ್ಗವ್ವನ ಹೆಸರು ತಗೊಂಡು ಎಷ್ಟು ದಿನ ಮಾತಾಡೋದು, ಸುಶ್ಮಿ?" ಎಂದ ಅವನು, ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದು. "ನಿನ್ನ ಬಗ್ಗೆನೇ ಮಾತಾಡ್ಲೇನು?"

ಅವಳು ಯಾರಿಗೂ ಹೇಳದ ಒಂದು ಮಾತು ಹೇಳಿದಳು.

"ಸಣ್ಣಾಕಿ ಇದ್ದಾಗ ನಮ್ಮವ್ವ ನನ್ನ ತಲಿ ಹಿಕ್ಕೋ ಮೊದಲ ಮೀನಿನ ವಾಸನಿ ಹೋಗ್ಲಂತ ಹುಣಸಿಹಣ್ಣು ಹಚ್ಚಿ ಕೈ ತಿಕ್ಕೋತಿದ್ಳು. ಮತ್ತ ಮತ್ತ ತಿಕ್ಕೋತಿದ್ಳು. ಆದ್ರೂ ಸಾಲ್ಯಾಗ ಹಿಂದಿನ ಹುಡುಗಿ ಮೂಗು ಹಿಡಕೊಂಡ್ಳು. ನಾ ಅಳ್ಕೋತ ಮನಿಗಿ ಬಂದೆ. ಮರುದಿನ ಅವ್ವ ಕನ್ನಡಿ, ಬಾಚಣಿಗಿ ನನ್ನ ಕೈಯಾಗ ಕೊಟ್ಟು, 'ನೀನೇ ಹಿಕ್ಕೋ, ದೊಡ್ಡಾಕಿ ಆದಿ' ಅಂದ್ಳು. ಅವತ್ತಿಂದ ಆಕಿ ನನ್ನ ತಲಿ ಮುಟ್ಟಿಲ್ಲ, ಸಿದ್ದು..."

ಸಿದ್ದಲಿಂಗೇಶನ ಕಣ್ಣು ತುಂಬಿದ್ದವು. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಸುಶ್ಮಿತಾಗೆ ಅಷ್ಟು ಸಾಕಾಗಿತ್ತು. 'ಇವನ ಹತ್ತಿರ ನನ್ನ ಮಾತು ಭದ್ರ' ಎಂದುಕೊಂಡಳು.

ಪಾಪ... ಹಾಗೆಂದುಕೊಂಡಳು!

ಕಾದಂಬರಿಯ ಲೇಖಕರನ್ನೇ ಕರೆಸಿ ದೊಡ್ಡ ಸಂವಾದ ಮಾಡಬೇಕೆಂದು ಮಹಾದೇವಮ್ಮ ಹೊರಟಾಗ, ಕಲ್ಯಾಣ ಮಂಟಪವನ್ನೂ ಊಟವನ್ನೂ ಸೂಗಪ್ಪನವರು ವಹಿಸಿಕೊಂಡರು. ಮಗ ವೇದಿಕೆಯ ಮೇಲೆ ಮಾತಾಡುತ್ತಾನೆಂಬ ಹೆಮ್ಮೆ ಅವರಿಗೆ. ಬೆಳಗ್ಗೆಯೇ ಸಿದ್ದಲಿಂಗೇಶ ಅವಳಿಗೆ ಫೋನ್ ಮಾಡಿದ್ದ.

"ಇವತ್ತು ಸ್ಟೇಜ್ ಮ್ಯಾಲ ನಾ ಹೇಳೋ ಮಾತು ನಿನ್ನ ಸಲುವಾಗಿ, ಸುಶ್ಮಿ. ಅಪ್ಪಗೂ ತಿಳೀಲಿ. ನೀ ಮುಂದ ಕುಂದ್ರು."

ಅವಳು ರಜೆ ಹಾಕಿದಳು. ನವಿಲು ಬಣ್ಣದ ಸೀರೆ ಉಟ್ಟಳು. ನಾಹಿದಳ ಪಕ್ಕ ಮೂರನೇ ಸಾಲಿನಲ್ಲಿ ಕೂತು, ಎದೆ ಬಡಿತ ಪಕ್ಕದವರಿಗೆ ಕೇಳಿಸೀತೆಂದು ಸೆರಗು ಬಿಗಿದುಕೊಂಡಳು.

ಸಿದ್ದಲಿಂಗೇಶ ಮೈಕಿನ ಮುಂದೆ ಬಂದ. ಚೆನ್ನಾಗಿಯೇ ಮಾತಾಡಿದ. ಮಾಸ್ತರನ ಒಂಟಿತನ, ದುರ್ಗವ್ವನ ಬಾಯಿ, ಓಣಿಯ ಜನರ ಚುಚ್ಚುಮಾತು... ಜನ ಕಿವಿಗೊಟ್ಟು ಕೇಳಿದರು.

"ನನಗ ಗೊತ್ತಿರೋ ಒಬ್ಬ ಹುಡುಗಿ ಇದಾಳ," ಎಂದ ಅವನು. "ಆಕಿ ತಾಯಿ ಮೀನ ಮಾರತಾಳ. ಮಗಳ ತಲಿ ಹಿಕ್ಕೋ ಮೊದಲ ಆ ತಾಯಿ ಹುಣಸಿಹಣ್ಣು ಹಚ್ಚಿ ಕೈ ತೊಳಕೋತಿದ್ಳಂತ. ಎಷ್ಟು ತೊಳಕೊಂಡ್ರೂ..."

ಸುಶ್ಮಿತಾ ಮನಸ್ಸಿನಲ್ಲೇ ಬೇಡಿಕೊಂಡಳು. 'ಬ್ಯಾಡ ಸಿದ್ದು... ಅದನ್ನ ಹೇಳಬ್ಯಾಡ...'

ಅಷ್ಟರಲ್ಲಿ ಮೊದಲ ಸಾಲಿನಿಂದ ಅವನ ಕಾಕಾ ಸಂಗಮೇಶ್ವರನ ದನಿ ಎದ್ದಿತು. "ಏ ಸಿದ್ದು! ಪುಸ್ತಕದ್ದು ಸಾಕು. ನಾಳೆ ನಿನ್ನ ಮನಿಗೇ ಅಂಥಾಕಿ ಬಂದ್ರ ಏನ್ ಮಾಡ್ತಿ? ಅದನ್ನ ಹೇಳು!"

ಮಂಟಪದ ತುಂಬ ನಗು.

ಸಿದ್ದಲಿಂಗೇಶ ಕಾಕಾನ ಕಡೆ ನೋಡಿದ. ಕಾಕಾನ ಪಕ್ಕದಲ್ಲಿ ಕೂತ ಅಪ್ಪನ ಕಡೆ ನೋಡಿದ. ಸೂಗಪ್ಪನವರು ನಗುತ್ತಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದರು.

ಅವನ ತುಟಿಯ ಮೇಲೆ ಒಂದು ನಗೆ ಬಂತು. ಸುಶ್ಮಿತಾ ಎಂದೂ ನೋಡದ ನಗೆ.

"ಎಷ್ಟು ತೊಳಕೊಂಡ್ರೂ ವಾಸನಿ ಹೋಗಂಗಿಲ್ಲ ಬಿಡು ಕಾಕಾ! ಅದಕ್ಕ ಇಂಥಾ ಜೋಡಿ ಪುಸ್ತಕದಾಗೇ ಚೆಂದ. ನಮ್ಮ ಅಡಗಿ ಮನಿಗಿ ತಡೆಯಂಗಿಲ್ಲ!"

ಚಪ್ಪಾಳೆ! ಶಿಳ್ಳೆ! ಕಾಕಾ ತೊಡೆ ತಟ್ಟಿಕೊಂಡು ನಕ್ಕ. ಮಹಾದೇವಮ್ಮ ಮಾತ್ರ ತಲೆ ತಗ್ಗಿಸಿದರು.

ನಾಹಿದ ಗೆಳತಿಯ ಕೈ ಹಿಡಿದಳು.

ಸುಶ್ಮಿತಾ ಅಳಲಿಲ್ಲ. ಎದ್ದಳು. ಸಾಲಿನಲ್ಲಿದ್ದವರ ಮೊಣಕಾಲು ದಾಟಿ, ನಗುತ್ತಿದ್ದ ಜನರ ನಡುವೆ ಹಾದು ಹೊರಗೆ ನಡೆದಳು. ಹಿಂದಿನಿಂದ ಮೈಕಿನಲ್ಲಿ ಅವನ ಮಾತು ಒಂದು ಕ್ಷಣ ತಡವರಿಸಿದ್ದು ಕೇಳಿಸಿತು. ಆಮೇಲೆ ಮುಂದುವರಿಯಿತು.

ಮುಂದುವರಿಯಿತು! ಅದೇ ಅವಳನ್ನು ಹೆಚ್ಚು ಸುಟ್ಟದ್ದು.

ಮರುದಿನ ಸಂಜೆಯ ಹೊತ್ತಿಗೆ ಆ ಮಾತಿನ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಮಳಖೇಡ ಮುಟ್ಟಿತ್ತು.

ಸುಶ್ಮಿತಾ ಡ್ಯೂಟಿ ಮುಗಿಸಿ ಬಂದಾಗ ಅವ್ವ ಅಂಗಳದಲ್ಲಿ ಕೂತಿದ್ದಳು. ಖಾಲಿ ಬುಟ್ಟಿ ಪಕ್ಕಕ್ಕೆ ಬಿದ್ದಿತ್ತು. ಅಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಹಾಗೇ ಸರಿಸಿ ಎದ್ದು ಹೋದ.

"ಸಂತ್ಯಾಗ ಒಬ್ಬಾಕಿ ಮೊಬೈಲ್ ತೋರ್ಸಿದ್ಳು," ಎಂದಳು ಚಂದಮ್ಮ. "'ಚಂದಮ್ಮ, ಇದು ನಿನ್ನ ಮಾತಲ್ಲೇನು' ಅಂದ್ಳು. ನಳದ ಹತ್ರ ಹುಣಸಿಹಣ್ಣು ಹಚ್ಚಿ ಕೈ ತಿಕ್ಕೊಳ್ಳಾಕಿ ಈ ಊರಾಗ ನಾ ಒಬ್ಬಾಕೇ ಅಲ್ಲೇನು?"

"ಅವ್ವ... ಅಂವ ಹಂಗ ಅಂತಾನಂತ ನನಗ..."

"ಅಂವ ಅಂದದ್ದಕ್ಕ ನನಗೇನೂ ಇಲ್ಲವ್ವಾ. ಅಂವ ಯಾರೋ. ಅಂವಗ ಹೇಳಿದಾಕಿ ನೀ."

ಆ ಮಾತು ಸುಶ್ಮಿತಾಳ ಎದೆಯೊಳಗೆ ಇಳಿದು ಅಲ್ಲೇ ನಿಂತಿತು. ಅವನು ತನ್ನನ್ನು ಮಾರಿದ. ತಾನು ಅವ್ವನನ್ನು ಮಾರಿದೆ! ಪ್ರೀತಿ ಎಂಬ ನಂಬಿಕೆಯಲ್ಲಿ ಅವ್ವನ ಕೈಗಳನ್ನು ತಾನೇ ಒಯ್ದು ಅವನ ಮುಂದೆ ಇಟ್ಟುಬಂದೆ!

ಅವಳು ಅವ್ವನ ಕಾಲ ಬಳಿ ಕುಸಿದು ಕೂತಳು. ಆಗ ಬಂತು ಅಳು. ಚಂದಮ್ಮ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಅವನ ಕರೆಗಳು ಬಂದವು. ಅವಳು ಎತ್ತಲಿಲ್ಲ. ಸಂದೇಶಗಳು ಬಂದವು. ಓದದೆ ಅಳಿಸಿದಳು. ಭಾನುವಾರ ಬಳಗಕ್ಕೂ ಹೋಗಲಿಲ್ಲ.

ಒಂದು ಬೆಳಗ್ಗೆ ಸೇಡಂ ನಿಲ್ದಾಣದಲ್ಲಿ ಅವನೇ ಬಸ್ ಹತ್ತಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಸೇರಿದ್ದವು. ಅವಳು ಟಿಕೆಟ್ ಯಂತ್ರ ಹಿಡಿದು ಅವನ ಸೀಟಿನ ಬಳಿ ಬಂದಳು.

"ಎಲ್ಲಿಗ್ರಿ?"

"ಸುಶ್ಮಿ..."

"ಹಂಗಂಬೋ ಸ್ಟಾಪ್ ಇಲ್ರಿ ಈ ರೂಟಿನಾಗ. ಎಲ್ಲಿಗಿ ಹೋಗೋರು?"

ಅವನು ನೋಟು ಚಾಚಿದ. "ಚಿಂಚೋಳಿ."

ಟಿಕೆಟ್ ಹರಿದು ಕೊಟ್ಟಳು. ಚಿಲ್ಲರೆ ಕೊಟ್ಟಳು. ಮುಂದಿನ ಸೀಟಿಗೆ ಹೋದಳು. ಹೊಲ ದಾಟಿ, ಹಳ್ಳಿ ದಾಟಿ ಬಸ್ಸು ಓಡುತ್ತಿದ್ದಷ್ಟು ಹೊತ್ತೂ ಅವಳ ಬೆನ್ನಿಗೆ ಅವನ ನೋಟ ತಾಗುತ್ತಿತ್ತು. ಅವಳು ತಿರುಗಲಿಲ್ಲ.

ಚಿಂಚೋಳಿಯಲ್ಲಿ ಪ್ರಯಾಣಿಕರೆಲ್ಲ ಇಳಿದರು. ಡ್ರೈವರ್ ಚಹಾಕ್ಕೆ ಹೋದ. ಖಾಲಿ ಬಸ್ಸಿನಲ್ಲಿ ಅವನು ಅವಳ ಮುಂದೆ ನಿಂತ.

"ನಾ ಹೇಳಬೇಕಂತ ಹೋದದ್ದು ಬ್ಯಾರೆ ಇತ್ತು, ಸುಶ್ಮಿ. ದೇವರಾಣಿ! ಎಷ್ಟು ತೊಳಕೊಂಡ್ರೂ ಹೋಗಲಾರದ್ದು ಆ ತಾಯಿ ಕೈ ವಾಸನಿ ಅಲ್ಲ, ಮೂಗು ಹಿಡಕೊಂಡವರ ಮನಸ್ಸಿನ ಹೊಲಸು, ಅಂತ ಹೇಳಾಂವ ಇದ್ದೆ. ಕಾಕಾ ಕೇಳ್ದ... ಅಪ್ಪನ ಮಾರಿ ಕಂಡಿತು... ನಾ ಅಂಜಿದೆ."

"ಅಂಜಿದ್ರಿ?"

"ಹೌದು."

"ಅಂಜಿದ್ರ ಸುಮ್ಮನ ನಿಲ್ಲಬೇಕಿತ್ರಿ. ಸುಮ್ಮನ ನಿಲ್ಲಾಕ ಧೈರ್ಯ ಬೇಕಾಗಂಗಿಲ್ಲ." 'ನೀ' ಎನ್ನುತ್ತಿದ್ದವಳು ಮತ್ತೆ 'ನೀವು' ಎನ್ನುತ್ತಿದ್ದಳು. ಆ ಬಹುವಚನ ಅವನಿಗೆ ಹೊಡೆತದಂತೆ ಬಿತ್ತು. "ನಿಮ್ಮ ಮನಸ್ಸಿನಾಗ ಭಾಳ ಚೆಂದ ಮಾತು ಇತ್ತು, ಖರೇ. ಆದ್ರ ನಮ್ಮವ್ವನ ಕಿವಿಗಿ ಬಿದ್ದದ್ದು ಯಾವುದು?"

"ನಿಮ್ಮವ್ವಗ... ಗೊತ್ತಾಯ್ತಾ?"

"ಸಂತ್ಯಾಗ ನಿಂತು ನೋಡ್ಯಾಳ."

ಅವನು ಸೀಟಿನ ಕಂಬಿ ಹಿಡಿದುಕೊಂಡ. "ಮಾಫ್ ಮಾಡು, ಸುಶ್ಮಿ... ಕಾಲಿಗಿ ಬೀಳ್ತೀನಿ..."

"ಬೈದದ್ದು ಮೈಕಿನಾಗ, ಮಾಫಿ ಕೇಳೋದು ಖಾಲಿ ಬಸ್ಸಿನಾಗ ಏನ್ರಿ? ಇಳೀರಿ. ವಾಪಸ್ ಹೋಗೋದಿದ್ರ ಮುಂದಿನ ಬಸ್ಸಿಗಿ ಬರ್ರಿ. ನನ್ನ ಬಸ್ಸಿಗಿ ಬ್ಯಾಡ."

ಅವನು ಇಳಿದ. ಅವಳು ಖಾಲಿ ಸೀಟಿನಲ್ಲಿ ಕೂತಳು. ಕಿಟಕಿಯ ಆಚೆ ಅವನು ಬಿಸಿಲಲ್ಲೇ ನಿಂತಿದ್ದ. 'ಯಾಕ ಇನ್ನೂ ನೋಡ್ತೀನಿ ನಾ ಇವನ್ನ? ನಾಚಿಕಿ ಇಲ್ಲೇನು ನನಗ?' ಎಂದು ತನ್ನನ್ನೇ ಬೈದುಕೊಂಡಳು. ಕಣ್ಣು ಮಾತ್ರ ಕೇಳಲಿಲ್ಲ.

ಆಮೇಲೆ ಅವನು ಬರಲಿಲ್ಲ. ಕರೆಯೂ ನಿಂತಿತು. ಅದೂ ನೋಯಿಸಿತು! ಮನಸ್ಸಿನ ಆಟ ಹಾಗೇ... ಬರಬೇಡ ಎಂದವಳೇ ಪ್ರತಿ ನಿಲ್ದಾಣದಲ್ಲೂ ಹತ್ತುವವರ ಮುಖ ನೋಡುತ್ತಿದ್ದಳು.

ತೊಗರಿ ರಾಶಿಯ ದಿನಗಳು ಬಂದಿದ್ದವು. ಒಂದು ಸಂಜೆ ಚಂದಮ್ಮ ಸಂತೆಯಿಂದ ಬಂದವಳು, ಬುಟ್ಟಿ ಇಳಿಸುತ್ತಲೇ ಹೇಳಿದಳು.

"ಅಂವ ಬಂದಿದ್ದ."

ಸುಶ್ಮಿತಾ ಕೈಯಲ್ಲಿದ್ದ ನೀರಿನ ಚರಿಗೆ ಕೆಳಗಿಟ್ಟಳು. "ಯಾರು?"

"ನಿನ್ನ ಮಿಲ್ಲಿನ ಹುಡುಗ. 'ಮೀನ ತಿನ್ನೋ ಮಂದಿ ಅಲ್ಲಲ್ಲ ನೀವು, ಯಾಕ ಬಂದಿ' ಅಂದೆ. ನನ್ನ ಮುಂದ ನೆಲಕ್ಕ ಕುಂತ. ಗಿರಾಕಿ ನಿಂತು ನೋಡಾಕತ್ತಿದ್ರು. 'ಆ ಮಾತು ಆಡಿದಾಂವ ನಾನೇ, ನಿಮ್ಮ ಮಗಳದು ತಪ್ಪಿಲ್ಲ, ಆಕಿ ನಂಬಿ ಹೇಳಿದ್ಳು' ಅಂದ."

"ನೀ ಏನಂದಿ?"

"'ನನ್ನ ಮುಂದ ಯಾಕ ಅಳ್ತಿ? ನಕ್ಕವರು ನಿಮ್ಮ ಮಂದಿ, ಅವರ ಮುಂದ ಹೇಳು' ಅಂದೆ. ಐತವಾರ ಹೇಳ್ತಾನಂತ, ಅದೇ ಮಂಟಪದಾಗ." ಚಂದಮ್ಮ ಮಗಳ ಮುಖ ನೋಡಿದಳು. "ನೀ ಹೋಗು."

"ನಾ ಹೋಗಲ್ಲವ್ವ!"

"ಹೋಗು. ಏನಂದ ಅಂತ ಕೇಳ್ಕೊಂಡು ಬಂದು ನನಗ ಹೇಳು. ಮೊದಲಿನದು ಮೊಬೈಲಿನಾಗ ಕೇಳಿದೆ. ಈ ಸಲ ನಿನ್ನ ಬಾಯಿಲೆ ಕೇಳ್ತೀನಿ."

ಆ ಭಾನುವಾರ ಸುಶ್ಮಿತಾ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಳು. ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗುವಂತೆ.

ಮಹಾದೇವಮ್ಮ ಸುಮ್ಮನೆ "ಆ ಕಾದಂಬರಿ ಬಗ್ಗೆ ಒಂದು ಮಾತು ಉಳದದ" ಎಂದು ಎಲ್ಲರಿಗೂ ಕರೆ ಕಳಿಸಿದ್ದರು. ಜನ ಬಂದಿದ್ದರು. ಕಾಕಾ ಬಂದಿದ್ದ. ಸೂಗಪ್ಪನವರೂ ಬಂದು ಅದೇ ಮೊದಲ ಸಾಲಿನಲ್ಲಿ ಕೂತಿದ್ದರು.

ಸಿದ್ದಲಿಂಗೇಶ ಮೈಕಿನ ಮುಂದೆ ನಿಂತ. ಕೈಯಲ್ಲಿ ಪುಸ್ತಕವಿರಲಿಲ್ಲ.

"ಹೋದ ಸಲ ನಾ ಇಲ್ಲಿ ಒಬ್ಬ ತಾಯಿ ಮಾತು ಹೇಳಿ ನಿಮ್ಮನ್ನ ನಗಿಸಿದೆ," ಎಂದ. "ಆ ಮಾತು ನಂದಲ್ಲ. ನಂಬಿ ಹೇಳಿದವರ ಕಡಿಂದ ಕೇಳದಂಗ ತಗೊಂಡೆ. ತಗೊಂಡು ಅದರ ಕುತ್ತಿಗಿ ಮುರದೆ. ಕಾಕಾ ಕೇಳಿದ ಪ್ರಶ್ನಿಗಿ ನನ್ನ ಹತ್ರ ಉತ್ತರ ಇತ್ತು. ಹೇಳಾಕ ಅಂಜಿದೆ. ಅಂಜಿಕಿ ನಂದು, ಹಾಕಿದ್ದು ಆ ತಾಯಿ ಕೈ ಮ್ಯಾಲ."

ಅವನು ಮೊದಲ ಸಾಲಿನತ್ತ ತಿರುಗಿದ.

"ಕಾಕಾ, ನೀ ಕೇಳಿದ್ದಿ, ಅಂಥಾಕಿ ನಮ್ಮ ಮನಿಗಿ ಬಂದ್ರ ಏನ್ ಮಾಡ್ತಿ ಅಂತ. ಬರಬೇಕಂತ ನಾ ಕೈ ಮುಗೀತೀನಿ. ಆದ್ರ ಬರೋ ಮಾತು ಈಗ ನನ್ನ ಕೈಯಾಗಿಲ್ಲ. ದಿನಾ ಬಸವಣ್ಣನ ಫೋಟೋಕ್ಕ ಹೂ ಏರಸೋ ಮನಿ ನಮ್ದು. ಅಲ್ಲಿಂದ ಎದ್ದು ಬಂದು ನಾ ಇಲ್ಲಿ ಏನಂದೆ? ನಕ್ಕವರಿಗಿ ನಾ ಏನೂ ಅನ್ನಲ್ಲ. ನಗಿಸಿದಾಂವ ನಾ. ನನ್ನ ಹೆಸರು ಸಿದ್ದಲಿಂಗೇಶ, ಸೂಗಪ್ಪನವರ ಮಗ. ಅವತ್ತು ನಾ ಆಡಿದ್ದು ಹೇಡಿ ಮಾತು."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಕಾ ಗೊಣಗುತ್ತ ಎದ್ದು ಹೋದ. ಸೂಗಪ್ಪನವರು ನಿಧಾನ ಎದ್ದು ನಿಂತರು.

"ಒಂದೇ ಮೈಕಿನಾಗ ಎರಡು ಮಾತು ಆಡೀದಿ," ಎಂದರು ಮಗನಿಗೆ. "ಯಾವುದು ನಿಂದು?"

"ಇದು, ಅಪ್ಪಾ."

ಅವರು ಮಗನನ್ನು ದಿಟ್ಟಿಸಿ ನೋಡಿ ಹೊರನಡೆದರು. ಹೋಗುವಾಗ ಬಾಗಿಲ ಪಕ್ಕ ಕೂತ ಹುಡುಗಿಯ ಮುಂದೆ ಅರೆಕ್ಷಣ ಅವರ ಹೆಜ್ಜೆ ತಡೆಯಿತು. ಅಷ್ಟೇ.

ಸುಶ್ಮಿತಾ ಅವನಿಗಾಗಿ ಕಾಯಲಿಲ್ಲ. ಅವ್ವನಿಗೆ ಹೇಳಬೇಕಿತ್ತು. ಮನೆಗೆ ಹೋಗಿ ಒಂದಕ್ಷರ ಬಿಡದೆ ಹೇಳಿದಳು.

"ನನ್ನ ಹೆಸರು ತಗೊಂಡ್ನೇನು?" ಕೇಳಿದಳು ಚಂದಮ್ಮ.

"ಇಲ್ಲವ್ವ. ತನ್ನ ಹೆಸರು ತಗೊಂಡ."

ಚಂದಮ್ಮ ಒಲೆಯ ಬೆಂಕಿ ಒಳಗೆ ದೂಡಿದಳು. "ಹಂಗಾರ ಒಮ್ಮಿ ಉಣ್ಣಾಕ ಬರಾಕ ಹೇಳು. ನಮ್ಮನ್ಯಾಗ ಕುಂತು ಉಂಡ ಮ್ಯಾಲ ಮುಂದಿನ ಮಾತು."

ಅವನು ಬಂದ. ಸಾಬಣ್ಣನ ಪಕ್ಕ, ಫರಸಿ ಕಲ್ಲಿನ ನೆಲದ ಮೇಲೆ, ಚಕ್ಕಳ ಮಕ್ಕಳ ಹಾಕಿ ಕೂತ. ಚಂದಮ್ಮ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು.

"ಅಂಜಬ್ಯಾಡ. ಇವತ್ತು ಮೀನ ಮಾಡಿಲ್ಲ."

"ಮಾಡಿದ್ರೂ ಕುಂದ್ರತಿದ್ದೆರಿ."

"ತಿಂತಿದ್ದೇನು?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಇಲ್ರಿ. ಖರೇ ಹೇಳ್ತೀನಿ, ತಿಂತಿದ್ದಿಲ್ಲ. ಆದ್ರ ಎದ್ದು ಹೋಗತಿದ್ದಿಲ್ಲ."

ಚಂದಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ! "ಖರೇ ಮಾತಾಡಾಕೂ ಬರ್ತದಲ್ಲವಾ ಇವಗ!" ಎಂದು ಮಗಳತ್ತ ತಿರುಗಿ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಊಟವಾದ ಮೇಲೆ ಸುಶ್ಮಿತಾ ಅವನನ್ನು ರಸ್ತೆಯವರೆಗೆ ಕಳಿಸಲು ಬಂದಳು. ಮಧ್ಯಾಹ್ನದ ಬಿಸಿಲು. ಬೇವಿನ ಮರದ ಕೆಳಗೆ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತರು.

"ನಿಮ್ಮಪ್ಪ?"

"ಮಾತಾಡವಲ್ರು. ಆದ್ರ ಇವತ್ತು ಎಲ್ಲಿಗಿ ಹೊಂಟೀನಿ ಅಂತ ಗೊತ್ತಿತ್ತು. ತಡದಿಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ, ನೆಲ ನೋಡುತ್ತಲೇ...

"ನೀ ಒಂದು ತಿಳ್ಕೋ, ಸಿದ್ದು. ನನಗ ಇನ್ನೂ ಸಿಟ್ಟು ಅದ."

ನೀ! ಅವನ ಕಣ್ಣು ಮಂಜಾದವು.

"ಇರ್ಲಿ," ಎಂದ.

"ಭಾಳ ದಿನ ಇರ್ತದ. ಆ ನಗು ನೆನಪಾದಾಗೆಲ್ಲ ಬರ್ತದ."

"ಇರ್ಲಿ, ಸುಶ್ಮಿ. ಸಿಟ್ಟು ಇರೋತನಕ ನಾ ಬರ್ತಿರ್ತೀನಿ."

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಅವತ್ತು ಮೊದಲ ಸಲ ತಲೆಯೆತ್ತಿ ಅವನನ್ನು ನೇರ ನೋಡಿದಳು.

"ಸಿಟ್ಟು ಹೋದ ಮ್ಯಾಲ?"

"ಆಮ್ಯಾಲ ನಾ ಹೋಗಂಗೇ ಇಲ್ಲ."